ಲಟಾಕಿಯಾ ಹೆಚ್ಚಾಗಿದ್ದ ಮಾಲು

ಆ ಬೆಳಿಗ್ಗೆ ಸವದತ್ತಿಯ ಆ ಮನೆಯ ಪಡಸಾಲೆಯಲ್ಲಿ ನಾವು ಐದು ಜನ ಇದ್ದೆವು. ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತವರು ಕಾಕಾ. ರಕ್ತಸಂಬಂಧವೇನೂ ಇಲ್ಲ. ತಂಬಾಕಿನ ಎಲೆಯನ್ನು ಹೇಗೆ ಮುಟ್ಟಬೇಕು, ಹೇಗೆ ಮೂಸಬೇಕು ಎಂದು ನನಗೆ ಕಲಿಸಿದವರು, ಅದಕ್ಕೇ ಕಾಕಾ. ಅಡುಗೆಮನೆಯ ಚೌಕಟ್ಟಿಗೆ ಕೈ ಕೊಟ್ಟು ನಿಂತವರು ಅವರ ಹೆಂಡತಿ, ನನಗೆ ಕಾಕೂ. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಪುಣೆಯಿಂದ ಬಂದ ವ್ಯಾಪಾರಿ. ಮೂಲ ಬೆಳಗಾವಿಯವರು, ಮಾತು ನಮ್ಮದೇ. ಹಿತ್ತಲ ಬಾಗಿಲಲ್ಲಿ ಎಲೆಯ ನರ ಬಿಡಿಸುತ್ತ ಕೂತಾಕೆ ದಿನಾ ಸಿರಸಂಗಿಯಿಂದ ಕೆಲಸಕ್ಕೆ ಬರುವ ಹೆಣ್ಣುಮಗಳು. ಐದನೆಯವನು ನಾನು, ಬೈಲಹೊಂಗಲದಿಂದ ಮೊದಲ ಬಸ್ಸು ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದವನು. ನಮ್ಮೆಲ್ಲರ ನಡುವೆ ಒಂದು ಬಿಳಿ ಅರಿವೆ, ಅದರ ಮೇಲೆ ಕಪ್ಪು ತಂಬಾಕಿನ ಸಣ್ಣ ರಾಶಿ.

ಬೈಲಹೊಂಗಲದ ತಂಬಾಕು ವ್ಯಾಪಾರಿಗಳಿಗೆ ನಮೂನೆ ನೋಡಿ ಹೇಳುವುದು ನನ್ನ ಕೆಲಸ. ಹೆಚ್ಚಾಗಿ ಬೀಡಿಯ ತಂಬಾಕು. ಪೈಪಿನ ತಂಬಾಕು ನೋಡುವುದು ಈ ಮನೆಗೆ ಬಂದಾಗ ಮಾತ್ರ, ಯಾಕೆಂದರೆ ಬೇರೆ ಬೇರೆ ಎಲೆ ಬೆರೆಸಿ ಅದನ್ನು ಕೂಡಿಸುವವರು ನಮ್ಮ ಸುತ್ತಿನಲ್ಲಿ ಇವರೊಬ್ಬರೇ. ಇವರದು ಮೊದಲು ಪೂಜೆ, ಪುರಾಣದ ಮನೆತನ. ಅಜ್ಜನ ಕಾಲಕ್ಕೆ ನಶ್ಯ ಮಾಡಲು ಹಿಡಿದರು. ರಾಮದುರ್ಗದಲ್ಲಿ ಸಂಸ್ಥಾನವಿದ್ದಾಗ ಕಾಕಾನ ತಂದೆ ಅಲ್ಲಿಯ ಶಾಸ್ತ್ರಿಗಳಿಗೆ ನಶ್ಯ ಕೊಡಲು ಹೋಗುತ್ತಿದ್ದರಂತೆ. ಅಲ್ಲಿ ಪೈಪು ಸೇದುವ ಅಧಿಕಾರಿಯೊಬ್ಬ ತನ್ನ ವಿಲಾಯತಿ ಡಬ್ಬಿಯನ್ನು ಮುಂದೆ ಇಟ್ಟು, ಇಂಥದ್ದು ಮಾಡಲಾದೀತೇ ಎಂದು ಕೇಳಿದನಂತೆ. ಅಲ್ಲಿಂದ ಶುರು. ನಶ್ಯದ ಗಿರಾಕಿಗಳು ಮುಗಿದುಹೋದರೂ ಪೈಪಿನವರು ಅಲ್ಲೊಬ್ಬ ಇಲ್ಲೊಬ್ಬ ಉಳಿದರು. ಈಚೆಗೆ ಪುಣೆಯ ವ್ಯಾಪಾರಿಯೇ ಎಲೆ ತಂದುಕೊಟ್ಟು, ಕಾಕಾನಿಂದ ಕೂಡಿಸಿಕೊಂಡು, ಡಬ್ಬಿ ತುಂಬಿ ದೊಡ್ಡ ಊರುಗಳ ಶೋಕಿನವರಿಗೆ ಮಾರುತ್ತಿದ್ದರು.

ಆದರೆ ಹಿಂದಿನ ಎರಡು ಸಲದಿಂದ ಡಬ್ಬಿಗಳು ತಿರುಗಿ ಬರತೊಡಗಿದ್ದವು. ಬರೀ ಹೊಗೆ, ಮತ್ತೇನೂ ಇಲ್ಲ ಎಂಬ ದೂರು. ವ್ಯಾಪಾರಿ ಸಭ್ಯರು. ಮುಖಕ್ಕೆ ಹೊಡೆದಂತೆ ಹೇಳಲಿಲ್ಲ. ಈ ಮಾಲು ಪಾಸಾದರೆ ಕೆಲಸ ಹೀಗೇ ಮುಂದುವರಿಯಲಿ, ಆಗದಿದ್ದರೆ ಎಲೆಯನ್ನು ಪುಣೆಯ ಕಾರ್ಖಾನೆಗೆ ಹಾಕುತ್ತೇನೆ ಎಂದು ಮೊದಲೇ ಹೇಳಿಕಳಿಸಿದ್ದರು. ಅದಕ್ಕೆ ಕಾಕಾ, "ಬೈಲಹೊಂಗಲದಾಂವ ಬಂದು ನೋಡಲಿ. ಅಂವ ಏನ ಅಂತಾನ, ಅದಕ್ಕ ನಾ ತಯಾರ ಇದ್ದೀನಿ," ಎಂದಿದ್ದರಂತೆ. ಅವರ ಕೈಯಿಂದ ಆ ಕೆಲಸ ಹೋದರೆ ಅವರಿಗೆ ಮತ್ತೊಂದು ಕೆಲಸವಿಲ್ಲ, ಮತ್ತೊಂದು ಮಾತೂ ಇಲ್ಲ. ಅದು ಆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಿನ್ನಿ ರಾತ್ರಿ ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂದಿಲ್ಲಲಾ?" ಕಾಕಾ ಕೇಳಿದರು.

"ಇಲ್ರಿ. ಮಜ್ಜಿಗಿ ಅನ್ನ ಉಂಡೇನಿ."

"ಶ್ಯಾಣ್ಯಾ ಇದ್ದೀ. ಹೋದ ವರ್ಷ ಬಂದಾಗ ಇಡೀ ಖಾನಾವಳಿ ಬಾಯಾಗ ಇಟ್ಕೊಂಡು ಬಂದಿದ್ದಿ."

ಹಿತ್ತಲ ಬಾಗಿಲಲ್ಲಿ ಕೂತಾಕೆ ನಕ್ಕಳು. "ಅಜ್ಜಾರ, ಅವ್ರು ಹೋದ ವರ್ಷ ನಿಮ್ಮ ಮನ್ಯಾಗನ ಉಂಡಿದ್ರು."

ಆ ಮನೆಗೆ ಒಂದು ರಿವಾಜು. ಮಾಲು ನೋಡುವವನು ಕೂಡಿಸಿದವನ ಎದುರಿಗೇ ಸೇದಬೇಕು, ಆದರೆ ಬಾಯಿಬಿಟ್ಟು ಒಳ್ಳೆಯದು ಕೆಟ್ಟದ್ದು ಅನ್ನಬಾರದು. ಮನಸ್ಸಿಗೆ ಬಂದರೆ ಪೈಪನ್ನು ಎರಡನೆಯ ಸಲ ತುಂಬಲು ಕೂಡಿಸಿದವನ ಮುಂದೆ ಹಿಡಿಯಬೇಕು. ಬರದಿದ್ದರೆ ಅರಿವೆಯ ಮೇಲೆ ಬೋರಲು ಹಾಕಬೇಕು. ಅಷ್ಟೇ. ಮಾತು ಬಂದರೆ ವಾದ ಬರುತ್ತದೆ, ವಾದ ಬಂದರೆ ಮನುಷ್ಯ ಬಾಯಿಯ ರುಚಿ ಬಿಟ್ಟು ಮಾತಿನ ರುಚಿ ಹಿಡಿಯುತ್ತಾನೆ ಎಂದು ಕಾಕಾ ಹೇಳುತ್ತಿದ್ದರು.

ನಾನು ದಿನಾ ಸೇದುವವನಲ್ಲ, ನೋಡುವಾಗ ಮಾತ್ರ. ಮೊದಲು ಕೈಯ ಕೆಲಸ. ಒಂದು ಚಿಟಿಕೆ ಎತ್ತಿ ಒತ್ತಿ ಬಿಟ್ಟೆ. ಮೆಲ್ಲಗೆ ಬಿಚ್ಚಿಕೊಂಡಿತು. ಒತ್ತಿದ ಹಾಗೇ ಉಂಡೆಯಾಗಿ ಉಳಿದರೆ ಹಸಿ ಹೆಚ್ಚು, ಪುಡಿಯಾದರೆ ಒಣಗಿದೆ ಎಂದು ಅರ್ಥ. ಹದ ಸರಿಯಿತ್ತು. ಕತ್ತರಿಸಿದ್ದು ಒಂದೇ ಅಗಲ, ಎಲ್ಲೂ ನರ ಇಲ್ಲ. ಕಾಕಾನ ಕೈ ಎಲ್ಲಿಯೂ ತಪ್ಪಿರಲಿಲ್ಲ.

ಆಮೇಲೆ ಮೂಗಿಗೆ ಹಿಡಿದೆ.

ಇಲ್ಲಿ ಲಟಾಕಿಯಾ ಅಂದರೇನು ಎಂದು ಹೇಳಬೇಕು. ಅದು ಸಮುದ್ರದಾಚೆಯ ಎಲೆ. ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಕಂಪಿನ ಕಟ್ಟಿಗೆ, ಗಿಡಗಂಟಿ ಸುಟ್ಟು, ಆ ಹೊಗೆಯಲ್ಲೇ ಹಣ್ಣು ಮಾಡುತ್ತಾರೆ. ಬಣ್ಣ ಕಾಡಿಗೆಯದು. ವಾಸನೆಯಲ್ಲಿ ಹೋಮ ಮುಗಿದ ಮನೆಯೂ ಇದೆ, ಹೊಸ ಚರ್ಮದ ಚಪ್ಪಲಿಯೂ ಇದೆ. ನಮ್ಮ ಕಡೆ ಎಲೆಗೆ ಹೊಗೆ ಹಿಡಿದರೆ ವ್ಯಾಪಾರಿ ಮುಟ್ಟುವುದಿಲ್ಲ. ಹಾಗಾಗಿ ಮೊದಲ ಸಲ ಇದನ್ನು ಮೂಸಿದಾಗ, ಗೋದಾಮಿಗೆ ಬೆಂಕಿ ಬಿದ್ದ ಮಾಲು ಕೊಟ್ಟು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಇದೊಂದನ್ನೇ ಯಾರೂ ಸೇದುವುದಿಲ್ಲ. ಮೈಸೂರಿನ ಕಡೆಯ ಹಳದಿ ವರ್ಜೀನಿಯಾ ಎಲೆ ಕೂಡಬೇಕು, ಅದರಲ್ಲಿ ಒಣಹುಲ್ಲಿನ ಸಿಹಿ. ಟರ್ಕಿಯ ಸಣ್ಣ ಎಲೆ ಕೂಡಬೇಕು, ಅದರಲ್ಲಿ ಹುಳಿ ಮತ್ತು ಹೂವಿನ ಎಳೆ. ಕಾಕಾನ ಈ ಮಾಲಿನಲ್ಲಿ ಲಟಾಕಿಯಾದ ಜೋರು ಮೊದಲಿನಿಂದಲೂ ಹೆಚ್ಚು, ಜನ ಕೇಳುತ್ತಿದ್ದದ್ದೂ ಅದನ್ನೇ. ಆದರೆ ಅವರೇ ನನಗೆ ಹೇಳಿಕೊಟ್ಟಿದ್ದರು: "ಭಜನಿಯೊಳಗ ಮೃದಂಗ ಜೋರ ಇರಬೇಕು, ಖರೆ. ಹಾಡು ಕೇಳಸಬೇಕಲಾ?"

ಆ ದಿನ ನನಗೆ ಹಾಡು ಕೇಳಿಸಲಿಲ್ಲ.

ಪೈಪನ್ನು ಮೂರು ಹಂತದಲ್ಲಿ ತುಂಬಿದೆ. ಕೆಳಗೆ ಸಡಿಲ, ನಡುವೆ ಮೆತ್ತಗೆ, ಮೇಲೆ ಸ್ವಲ್ಪ ಬಿಗಿ. ಹಿಂದೆಂದೂ ಲಟಾಕಿಯಾ ಹಾಕದ ಪೈಪು ಅದು. ಒಮ್ಮೆ ಹಾಕಿದರೆ ಕಟ್ಟಿಗೆಯಲ್ಲಿ ಅದರ ವಾಸನೆ ಉಳಿದು ಮುಂದಿನ ಪರೀಕ್ಷೆ ಕೆಡುತ್ತದೆ. ಮೊದಲ ಬೆಂಕಿಕಡ್ಡಿ ಮೇಲಿನ ಪದರ ಉಬ್ಬಲು ಮಾತ್ರ. ಅದನ್ನು ಒತ್ತಿ ಕೂರಿಸಿ ಎರಡನೆಯ ಕಡ್ಡಿ ಕೊಟ್ಟೆ. ಹೊಗೆಯನ್ನು ಎದೆಗೆ ಎಳೆಯುವುದಿಲ್ಲ. ಬಾಯಲ್ಲಿ ಹಿಡಿದು, ಒಂದಿಷ್ಟನ್ನು ಮೂಗಿನಿಂದ ಬಿಡಬೇಕು. ನಿಜವೆಲ್ಲ ಅಲ್ಲಿ ಗೊತ್ತಾಗುತ್ತದೆ.

ಮೊದಲ ಭಾಗದಲ್ಲಿ ಸುಟ್ಟ ಕಟ್ಟಿಗೆ, ಚರ್ಮ. ಸರಿ, ಇದು ಹೀಗೇ ಬರಬೇಕು. ನಡುಭಾಗಕ್ಕೆ ಬಂದಾಗ ವರ್ಜೀನಿಯಾದ ಸಿಹಿ ಏಳಬೇಕಿತ್ತು. ಏಳಲಿಲ್ಲ. ನೀರು ಕುಡಿದೆ, ಉಪ್ಪಿಲ್ಲದ ರೊಟ್ಟಿಯ ತುಣುಕು ಕಡಿದೆ, ನನ್ನದೇ ಅಂಗಿಯ ತೋಳನ್ನು ಮೂಸಿ ಮೂಗನ್ನು ಖಾಲಿ ಮಾಡಿಕೊಂಡೆ. ಮತ್ತೆ ಎಳೆದೆ. ಅದೇ. ಕೊನೆಯ ಭಾಗದಲ್ಲಿ ಟರ್ಕಿ ಎಲೆಯ ಹುಳಿ ಒಂದು ಗಳಿಗೆ ಇಣುಕಿ, ಹೊಗೆಯಲ್ಲಿ ಮುಳುಗಿತು. ನಾಲಿಗೆ ಕಡಿಯಲಿಲ್ಲ, ಬೂದಿ ಬೆಳ್ಳಗೆ ಬಿತ್ತು, ಪೈಪಿನ ತಳ ಒದ್ದೆಯಾಗಲಿಲ್ಲ. ಕೆಲಸ ಬಲ್ಲವರು ಮಾಡಿದ ಮಾಲು. ಅಳತೆಯೊಂದೇ ಅವರದಲ್ಲ.

ನನ್ನನ್ನು ಕಾಡಿದ್ದು ಅದು. ಅಜಾಗರೂಕತೆಯಾಗಿದ್ದರೆ ಎಲ್ಲೋ ನರ, ಎಲ್ಲೋ ಹಸಿ ಇರುತ್ತಿತ್ತು. ಎಲ್ಲ ಸರಿಯಿದ್ದು, ಲಟಾಕಿಯಾ ಮಾತ್ರ ಅರ್ಧ ದಾಟಿ ಮುಂದೆ ಹೋಗಿತ್ತು.

ಪೈಪು ಕೈಯಲ್ಲೇ ಇತ್ತು. ಕಾಕಾ ನನ್ನ ಕೈ ನೋಡುತ್ತಿದ್ದರು, ವ್ಯಾಪಾರಿಯೂ. ನಾನು ಅದನ್ನು ಮುಂದೆ ಹಿಡಿಯಲಿಲ್ಲ, ಬೋರಲೂ ಹಾಕಲಿಲ್ಲ. ಗೋಡೆಗೆ ಆನಿಸಿ ಇಟ್ಟೆ.

"ಇದೇನೋ ತಮ್ಮಾ, ಹೊಸಾ ರಿವಾಜ ತಂದೀ?"

"ಕಾಕಾ, ಇನ್ನೊಂದು ಮುಷ್ಟಿ ನನ್ನ ಮುಂದ ಕೂಡಸ್ರಿ. ನೋಡಬೇಕಾಗೈತಿ."

"ನನ್ನ ಪರೀಕ್ಷಾ ಏನು?"

"ನಂದು ಅನ್ಕೋರಿ. ನನ್ನ ಬಾಯಿ ಮ್ಯಾಲ ನನಗ ಸಂಶೆ ಬಂದೈತಿ."

ಅವರಿಗೆ ಅದು ಒಪ್ಪಿಗೆಯಾಯಿತು. ಮೂರು ಡಬ್ಬಿ ತರಿಸಿ ಮುಂದೆ ಇಟ್ಟುಕೊಂಡರು. ಅವರು ಎಂದೂ ತಕ್ಕಡಿ ಹಿಡಿದವರಲ್ಲ. ಎಲೆ ಪ್ರತಿ ಸಲ ಬೇರೆ ಇರುತ್ತದೆ, ತಕ್ಕಡಿಗೆ ಅದು ತಿಳಿಯುವುದಿಲ್ಲ ಎನ್ನುವವರು. ವರ್ಜೀನಿಯಾ ತೆಗೆದು ಮುಖದ ಹತ್ತಿರ ಹಿಡಿದು ತಲೆ ಅಲ್ಲಾಡಿಸಿದರು.

"ನೋಡು, ಈ ಸಲದ್ದೂ ಸತ್ತದ. ಮೂರನೇ ಸಲ ಇದು. ಇವ್ರಿಗೆ ಹೇಳಿ ಹೇಳಿ ಸಾಕಾತು. ಎಲ್ಲಿಂದ ತರ್ತೀರಿ ಇಂಥಾ ಜೀವ ಇಲ್ಲದ ಎಲಿ?"

ವ್ಯಾಪಾರಿ ಕುರ್ಚಿಯಲ್ಲಿ ಅಲುಗಿದರು. "ಅದಽ ಜಾಗಾರಿ ಕಾಕಾ, ಅದಽ ರೈತ."

"ಹಂಗಾರ ರೈತ ಸತ್ತಿರಬೇಕು."

ಟರ್ಕಿ ಎಲೆಗೂ ಅದೇ ಮಾತು. ಎರಡನ್ನೂ ಅರಿವೆಯ ಮೇಲೆ ಹಾಕಿ, ಲಟಾಕಿಯಾ ಮುರಿದು ಸೇರಿಸಿ, ಬೆರಳಲ್ಲಿ ಬಿಡಿಸಿ, ಮೂಸಿದರು. ಇನ್ನಷ್ಟು ಹಾಕಿದರು. ಮೂಸಿದರು. ಇನ್ನಷ್ಟು. ಐದನೆಯದೋ ಆರನೆಯದೋ ಸಲ ಅವರ ಮುಖ ಸಡಿಲವಾಯಿತು. "ಈಗ ಬಂತು ನೋಡು," ಎಂದರು.

ನಾನು ಎದ್ದು ಅವರ ವರ್ಜೀನಿಯಾ ಡಬ್ಬಿಯಲ್ಲಿ ಮುಖ ಇಟ್ಟೆ. ಸುಗ್ಗಿಯಲ್ಲಿ ಬಣವೆಯ ಪಕ್ಕ ಮಲಗಿದ ಹಾಗಿತ್ತು. ಅಷ್ಟು ಚೆಂದದ ಎಲೆಯನ್ನು ನಾನು ಆ ವರ್ಷ ಕಂಡಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಕೆಲವರು ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ. ಮಿಸ್ರಿ ಅನ್ನುತ್ತಾರೆ. ಸಿರಸಂಗಿಯಾಕೆಗೂ ಆ ಚಟ. ಎಷ್ಟೋ ವರ್ಷಗಳ ಹಿಂದೆ, ಕಾಕಾ ಕೂಡಿಸುತ್ತ ಕೂತಾಗ ಆಕೆ ಹಿತ್ತಲ ಒಲೆಯಲ್ಲಿ ಮಿಸ್ರಿ ಹುರಿದು, ಆ ಕಮಟು ಎಲೆಗೆ ಹತ್ತಿತೆಂದು ಕಾಕಾ ಎದ್ದುಬಂದು ಹಂಚನ್ನೇ ಓಣಿಗೆ ಎಸೆದಿದ್ದರು. ಅಂದಿನಿಂದ ಕೂಡಿಸುವ ದಿನ ಆ ಮನೆಯಲ್ಲಿ ಒಗ್ಗರಣೆಯೂ ಇಲ್ಲ.

"ಯವ್ವಾ, ಸ್ವಲ್ಪ ಮಿಸ್ರಿ ಹುರೀ," ಎಂದೆ.

ಆಕೆ ನನ್ನ ಮುಖ ನೋಡಿದಳು. "ಅಣ್ಣಾರ, ಆ ಹಂಚು ಓಣ್ಯಾಗ ಹೋತು. ಈ ಸಲ ಅದರ ಹಿಂದ ನಾನ ಹೊಕ್ಕೇನಿ."

"ಬೈದ್ರ ನನ್ನ ಹೆಸರು ಹೇಳು."

ಆಕೆಗೆ ಏನು ತಿಳಿಯಿತೋ. ನಗು ಬಿಟ್ಟು ಒಲೆ ಹೊತ್ತಿಸಿದಳು.

ನಾನು ಬಂದು ಕಾಕಾನ ಎದುರು ಕೂತೆ. ಗಾಳಿ ಹಿತ್ತಲಿನಿಂದ ಪಡಸಾಲೆಗೆ ಬೀಸುತ್ತಿತ್ತು. ಮೊದಲು ನನಗೆ ಬಂತು. ಆಮೇಲೆ ವ್ಯಾಪಾರಿ ಕರವಸ್ತ್ರ ತೆಗೆದರು. ಕಾಕೂ ಅಡುಗೆಮನೆಯಿಂದ ಹೊರಬಂದು, ಹಿತ್ತಲ ಕಡೆ ಗದರಲು ಬಾಯಿ ತೆರೆದವರು, ಗಂಡನ ಕಡೆ ನೋಡಿ ಹಾಗೇ ನಿಂತರು. ಕಾಕಾ ಎಲೆ ಬಿಡಿಸುತ್ತಿದ್ದರು. ಒಂದೆರಡು ಸಲ ಕೆಮ್ಮಿದರು.

"ಧೂಳ ಭಾಳ ಆಗೇದ ಈ ಸಲ," ಎಂದರು.

ಸಿರಸಂಗಿಯಾಕೆ ಹಂಚನ್ನು ಸೆರಗಿನಲ್ಲಿ ಹಿಡಿದು ಬಾಗಿಲ ತನಕ ಬಂದಳು. ಕಾಕಾನ ಬೆನ್ನು ಆಕೆಯ ಕಡೆಗಿತ್ತು. ಇನ್ನೂ ಹುರಿಯಲೇ ಎಂದು ನನ್ನನ್ನು ಕಣ್ಣಲ್ಲೇ ಕೇಳಿದಳು. ಸಾಕು ಎಂದು ಕೈ ಮಾಡಿದೆ.

ಇನ್ನು ನಾನು ಏನು ಮಾಡಬೇಕು ಎನ್ನುವುದು ಆಗಲೇ ತೀರ್ಮಾನವಾಗಬೇಕಿತ್ತು. ಪೈಪನ್ನು ಸುಮ್ಮನೆ ಬೋರಲು ಹಾಕಿದರೆ ರಿವಾಜು ಮುಗಿಯುತ್ತಿತ್ತು, ವ್ಯಾಪಾರಿ ಎಲೆ ಒಯ್ಯುತ್ತಿದ್ದರು. ಕಾಕಾ ಸಾಯುವ ತನಕ ಎಲೆ ಕೆಟ್ಟಿತ್ತು ಎಂದೇ ತಿಳಿಯುತ್ತಿದ್ದರು. ಅದು ಅವರಿಗೆ ಹಗುರವೂ ಆಗುತ್ತಿತ್ತೇನೋ. ಆದರೆ ಎಲೆಯ ವಿಷಯದಲ್ಲಿ ಅವರು ನನಗೆ ಎಂದೂ ಸುಳ್ಳು ಹೇಳಿದವರಲ್ಲ. ಆ ವರ್ಜೀನಿಯಾವನ್ನು ಸತ್ತದ್ದು ಎನ್ನಿಸಿಕೊಂಡು ಹೋಗಲು ಬಿಡುವುದು ನನ್ನಿಂದ ಆಗಲಿಲ್ಲ.

"ಸಾಹೇಬರ, ಬಸ್‌ಸ್ಟ್ಯಾಂಡ್ ಕಡೆ ಹೋಗಿ ಒಂದು ಚಹಾ ಕುಡದು ಬರ್ರಿ," ಎಂದೆ ವ್ಯಾಪಾರಿಗೆ.

"ಚಹಾ ಇಲ್ಲೇ ಆತಲ್ರಿ."

"ಇನ್ನೊಂದು ಕುಡೀರಿ."

ಅವರು ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿ ಹೋದರು.

"ಕಾಕಾ, ಹಿತ್ತಲದಾಗ ಮಿಸ್ರಿ ಹುರದಾರ."

ಅವರ ಕೈ ನಿಂತಿತು. "ಯಾವಾಗ?"

"ಈಗ. ನೀವು ಕೂಡಸಾಕ ಹತ್ತಿದ್ರಿ. ಮನಿ ತುಂಬ ಐತಿ ಇನ್ನೂ."

ಅವರು ಮುಖ ಎತ್ತಿ ಉದ್ದಕ್ಕೆ ಉಸಿರು ಎಳೆದುಕೊಂಡರು, ನಮಗೆಲ್ಲ ಕಲಿಸಿದ ಹಾಗೆ, ಬಾಯಿ ಮುಚ್ಚಿ, ಕಣ್ಣು ಮುಚ್ಚಿ. ಇನ್ನೊಮ್ಮೆ ಎಳೆದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಹೌದೇನು?"

"ಹೌದ್ರೀ," ಎಂದರು ಕಾಕೂ. ಹತ್ತಿರ ಬಂದು ಕೂತರು. "ಸಾರಿಗೆ ಇಂಗ ಹಾಕಿಲ್ಲ ಅಂತ ದಿನಾ ಅಂತಿದ್ರಿ. ನಾ ಹಾಕಿರ್ತಿದ್ದೆ. ವಯಸ್ಸಾತು, ಬಾಯಿ ಕೆಟ್ಟದ ಅಂತ ಸುಮ್ನ ಬಿಟ್ಟೆ."

ಕಾಕಾ ವರ್ಜೀನಿಯಾದ ಒಂದು ಎಳೆ ತೆಗೆದು ಮೂಸಿದರು. ಇಟ್ಟರು. ಟರ್ಕಿಯದನ್ನು ಮೂಸಿದರು. ಇಟ್ಟರು. ಲಟಾಕಿಯಾವನ್ನು ಬಹಳ ಹೊತ್ತು ಹಿಡಿದುಕೊಂಡರು. "ಇದೊಂದು ಸ್ವಲ್ಪ ಬರತದ. ದೂರದಾಗ ಯಾರೋ ಒಲಿ ಹಚ್ಚಿದಂಗ."

"ವರ್ಜೀನಿಯಾ ಛಲೋ ಐತ್ರಿ ಕಾಕಾ."

"ಟರ್ಕೀದು?"

"ಅದೂ ಛಲೋ ಐತಿ."

"ಹಂಗಾರ ಪಾಪ, ಆ ಮನಷ್ಯಾಗ ಸುಳ್ಳೇ ಬೈದೆ," ಎಂದರು. "ಮೂರ ಸಲ ಬೈದೆನೋ ತಮ್ಮಾ. ಅಂವಾ ಸುಮ್ನ ಬೈಸ್ಕೊಂಡ."

ಅವರು ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ವ್ಯಾಪಾರಿ ತಿರುಗಿ ಬಂದಾಗ ಕಾಕಾ ಮೊದಲು ಅವರ ಕ್ಷಮೆ ಕೇಳಿದರು, ಕಾರಣವನ್ನೂ ತಾವೇ ಹೇಳಿದರು. ವ್ಯಾಪಾರಿ ಗಡಬಡಿಸಿ ಕುರ್ಚಿಯಿಂದ ಎದ್ದು ಚಾಪೆಯ ಮೇಲೆ ಕೂತರು. ಕಾಕಾ ಗೋಡೆಗೆ ಆನಿಸಿದ್ದ ಪೈಪನ್ನು ತೋರಿಸಿದರು.

"ಬೋರಲ ಹಾಕು."

"ಕಾಕಾ, ಬ್ಯಾಡ್ರಿ. ಎಲ್ಲಾರಿಗೂ ತಿಳದೈತಲ."

"ಹಾಕು. ಮಾಲು ಪಾಸ ಇಲ್ಲ. ನಮ್ಮ ಮನಿ ರಿವಾಜ ನನ್ನ ಸಲುವಾಗಿ ಮುರೀಬ್ಯಾಡ."

ಹಾಕಿದೆ. ಒಂದಿಷ್ಟು ಬೂದಿ ಬಿಳಿ ಅರಿವೆಯ ಮೇಲೆ ಬಿತ್ತು.

ಮಾಡಿಟ್ಟ ಮಾಲು ಹಾಳಾಗಬಾರದೆಂದು ನಾನು ಆ ವಾರ ಅಲ್ಲೇ ಉಳಿದೆ. ಕಿತ್ತೂರಿನ ವ್ಯಾಪಾರಿಯೊಬ್ಬರಿಗೆ ನಮೂನೆ ನೋಡಲು ಬರುತ್ತೇನೆಂದು ಮಾತು ಕೊಟ್ಟಿದ್ದೆ, ಅವರಿಗೆ ಫೋನು ಮಾಡಿ ಮುಂದೂಡಿದೆ. ಲಟಾಕಿಯಾವನ್ನು ಹೊರಗೆ ತೆಗೆಯಲಾಗುವುದಿಲ್ಲ. ಉಳಿದೆರಡು ಎಲೆಗಳನ್ನು ಏರಿಸುತ್ತ ಅದನ್ನು ಇಳಿಸಬೇಕು. ಸಿರಸಂಗಿಯಾಕೆ ನರ ಬಿಡಿಸಿದಳು, ನಾನು ಕತ್ತರಿಸಿದೆ, ಕಾಕಾ ಕೂಡಿಸಿದರು. ಅವರ ಕೈ, ನನ್ನ ಮೂಗು. "ಈಗೇನ ಬರತದ?" ಎಂದು ಕೇಳುವರು. ಹುಲ್ಲು ಎದ್ದಿದೆ, ಹುಳಿ ಇನ್ನೂ ಹಿಂದಿದೆ ಎಂದು ನಾನು ಹೇಳಿದರೆ, ಟರ್ಕಿ ಎಲೆಯ ಎಷ್ಟು ಚಿಟಿಕೆ ಎಂದು ಅವರ ಬೆರಳಿಗೆ ಗೊತ್ತಿತ್ತು. ಒಮ್ಮೆ ನಾನು ಸಾಕು ಎಂದೆ. ಅವರು, "ಇಲ್ಲ, ನೀ ಆಸೆಬುರುಕ, ನಿನಗ ಸಿಹಿ ಬಂದ್ರ ಸಾಕು. ಇನ್ನೂ ಒಂದ ಚಿಟಗಿ," ಎಂದರು. ಹಾಕಿದಾಗ ಅವರು ಹೇಳಿದ್ದೇ ಸರಿಯಾಯಿತು. ಆಮೇಲೆ ನೀರಿನ ಹನಿ ಕೊಟ್ಟು, ಅರಿವೆಯಲ್ಲಿ ಕಟ್ಟಿ, ಕಲ್ಲಿನ ಕೆಳಗೆ ಒತ್ತಲು ಇಟ್ಟೆವು.

ಎಲೆಗಳು ಒಂದರೊಡನೊಂದು ಬೆರೆಯಲು ಬಿಟ್ಟು, ತಿಂಗಳು ಕಳೆದ ಮೇಲೆ ತೆಗೆದೆವು. ವ್ಯಾಪಾರಿಯೂ ಬಂದಿದ್ದರು. ಹೊಸ ಪೈಪು ತುಂಬಿದೆ. ಮೊದಲು ಹೊಗೆ, ಅದರ ಹಿಂದಿನಿಂದ ಸಿಹಿ, ಕೊನೆಗೆ ಹೂವಿನ ಹುಳಿ. ಕಾಕಾನ ಹಳೆಯ ಮಾಲೇ. ನಾನು ಪೈಪನ್ನು ಅವರ ಮುಂದೆ ಹಿಡಿದೆ. ಅವರು ಎರಡನೆಯ ಸಲ ತುಂಬಿಕೊಟ್ಟರು.

ವ್ಯಾಪಾರಿಗೆ ಖುಷಿಯಾಯಿತು. ಹೀಗೇ ಇಬ್ಬರೂ ಕೂಡಿ ಮಾಡಿರಿ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದರು. ಕಾಕಾ ಕೇಳಿಸಿಕೊಂಡು, ಎಲೆಯ ಡಬ್ಬಿಗಳನ್ನು ಒಂದೊಂದಾಗಿ ಅವರ ಕಡೆ ಸರಿಸಿದರು.

"ಇದೊಂದು ನಾ ಕೆಡಸಿದ್ದು, ನಾ ತಿದ್ದಿದೆ. ಮುಂದ ಬ್ಯಾಡ. ಇನ್ನೊಬ್ಬರ ಮೂಗಿಲೆ ಕೂಡಸೋದು ನನಗ ಆಗೂದಿಲ್ಲ. ಎಲಿ ಬೈಲಹೊಂಗಲಕ್ಕ ಹೋಗಲಿ."

"ಕಾಕಾ, ನಾ ದಿನಾ ಬರತೇನಿ," ಎಂದೆ.

"ನೀ ಬಾ. ನನ್ನ ಮಾತಾಡಸಾಕ ಬಾ. ಎಲಿ ತರಬ್ಯಾಡ."

ಕಾಕೂ ತಮ್ಮ ಗಂಡನನ್ನು ಧಾರವಾಡದ ವೈದ್ಯರಿಗೆ ತೋರಿಸಿದರು. ಹಿಂದಿನ ಚಳಿಗಾಲದಲ್ಲಿ ಬಂದ ಜ್ವರದಲ್ಲಿ ಮೂಗಿನ ಶಕ್ತಿ ಹೋಗಿರಬೇಕು, ಈ ವಯಸ್ಸಿಗೆ ತಿರುಗಿ ಬರುವ ಭರವಸೆ ಇಲ್ಲ ಎಂದರಂತೆ. ಈಗ ಆ ಮಾಲನ್ನು ನಾನು ಬೈಲಹೊಂಗಲದಲ್ಲಿ ಕೂಡಿಸುತ್ತೇನೆ. ಡಬ್ಬಿಗಳು ತಿರುಗಿ ಬಂದಿಲ್ಲ. ಅವರು ಹಾಕುತ್ತಿದ್ದ ಆ ಕೊನೆಯ ಚಿಟಿಕೆ ಎಲ್ಲಿ ಸಾಕಾಗುತ್ತದೆ ಎನ್ನುವುದು ನನಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ತಂಬಾಕು ಇಡುತ್ತಿದ್ದ ಕೋಣೆಯನ್ನು ಕಾಕಾ ಮಳೆಗಾಲ ಮುಗಿದ ಮೇಲೆ ತೊಳೆಸಿ, ಹೊಲಿಗೆ ಕಲಿಸುವ ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟರು. ನಾನು ಹೋಗಿದ್ದ ದಿನವೇ ಆಕೆ ಸಂಕೋಚದಿಂದ ಬಂದು, "ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ಗ್ವಾಡಿಯಿಂದ ತಂಬಾಕದ ವಾಸನಿ ಹೋಗವಲ್ದು. ಹೊಲಿಯೂ ಅರಬಿಗೆಲ್ಲಾ ಹತ್ತಾಕತ್ತೈತಿ," ಎಂದಳು.

"ಖರೇನ ಇನ್ನೂ ಬರತದೇನು?" ಕಾಕಾ ಕೇಳಿದರು.

"ಹೌದ್ರಿ. ಭಾಳ ಬರತೈತಿ."

ಅವರು ಎದ್ದು ಆ ಕೋಣೆಗೆ ಹೋಗಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಬಂದರು. ಮರುದಿನ ಆಳು ಕರೆಸಿ ನಾಲ್ಕೂ ಗೋಡೆಗೆ ಎರಡು ಕೈ ಸುಣ್ಣ ಹೊಡೆಸಿದರು.